ಸ್ಟೆಬಿಲೈಸರಿಗೊಂದು ಕಂಬಳಿ

ಕೆಲವರಿಗೆ ದೇವರ ಮೇಲೆ ನಂಬಿಕೆ ಇರುವುದಿಲ್ಲ, ಕೆಲವರಿಗೆ ಹೆಂಡತಿಯ ಮೇಲೆ ಇರುವುದಿಲ್ಲ. ನನಗೆ ಕರೆಂಟಿನ ಮೇಲೆ ಇಲ್ಲ. ದೇವರನ್ನು ನಂಬದವನು ಗುಡಿಗೆ ಹೋಗದಿದ್ದರಾಯಿತು, ಹೆಂಡತಿಯನ್ನು ನಂಬದವನು ಹೋಟೆಲಿನಲ್ಲಿ ಉಂಡರಾಯಿತು. ಕರೆಂಟನ್ನು ನಂಬದವನಿಗೆ ಹೋಗಲು ಜಾಗವೇ ಇಲ್ಲ, ಅದು ಮನೆಯ ಗೋಡೆಯೊಳಗೇ ಕೂತಿರುತ್ತದೆ. ಸೇಲಂನಲ್ಲಿ ನಾವಿದ್ದ ಬೀದಿಯಲ್ಲಿ ಕರೆಂಟು ಹೋದರೆ ಮಕ್ಕಳೆಲ್ಲ ಸೇರಿ "ಪೋಚ್ಚು" ಎಂದು ಕೂಗುತ್ತಿದ್ದವು, ಬಂದರೆ "ವಂದಿರುಚ್ಚು" ಎಂದು ಅದಕ್ಕಿಂತ ಜೋರಾಗಿ ಕೂಗುತ್ತಿದ್ದವು. ಬೀದಿಗೆಲ್ಲ ಬಂದಾಗ ಖುಷಿ, ನನಗೊಬ್ಬನಿಗೆ ಹೋದಾಗ ನೆಮ್ಮದಿ. ಹೋದ ಕರೆಂಟು ಯಾರಿಗೂ ಕೇಡು ಮಾಡುವುದಿಲ್ಲ. ಬರುವ ಕರೆಂಟು ಎಂಥ ಮುಖ ಹೊತ್ತು ಬರುತ್ತದೋ ಹೇಳಲಾಗದು. ನಮ್ಮ ಪಕ್ಕದ ಬೀದಿಯ ತುಂಬ ಪವರ್‌ಲೂಮು. ಅವೆಲ್ಲ ಒಟ್ಟಿಗೆ ಓಡುವಾಗ ನಮ್ಮ ಮನೆಯ ಬಲ್ಬು ಕಾಮಾಲೆಯವರ ಕಣ್ಣಿನ ಹಾಗೆ ಹಳದಿಯಾಗುತ್ತಿತ್ತು. ಮಗ್ಗದವರು ಟೀ ಕುಡಿಯಲು ಎದ್ದರೆ ಅದೇ ಬಲ್ಬು ಒಮ್ಮೆಲೇ ಉರಿದೇಳುತ್ತಿತ್ತು. ಅಂದರೆ ನನ್ನ ಮನೆಯ ಸಾಮಾನಿನ ಆಯಸ್ಸು ಯಾರೋ ಗುರುತಿಲ್ಲದವರ ಟೀ ಮೇಲೆ ನಿಂತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೋಂ ಥಿಯೇಟರ್ ಕೊಂಡೆ. ಆಗ ಅದು ಹೊಸ ಮಾತು. ದೊಡ್ಡ ಕಲರ್ ಟಿವಿ, ಒಂದು ವಿಸಿಆರ್, ಒಂದು ಆಂಪ್ಲಿಫೈಯರ್, ಮೂಲೆಗೊಂದರಂತೆ ಸ್ಪೀಕರು. ಅಂಗಡಿಯವನು "ವೀಟ್ಟುಲಯೇ ಥಿಯೇಟರ್ ಸಾರ್" ಎಂದ. ಥಿಯೇಟರು ಮನೆಗೆ ಬಂದರೆ ಅದರ ಗೇಟ್ ಕಾಯುವವನು ಯಾರಾಗಬೇಕು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಜೊತೆಗೆ ಒಂದು ಸ್ಟೆಬಿಲೈಸರ್ ಕೊಟ್ಟ. ಇಟ್ಟಿಗೆಗಿಂತ ಭಾರ, ಮುಂದೆ ವೋಲ್ಟೇಜ್ ತೋರಿಸುವ ಒಂದು ಮುಳ್ಳು, ಒಳಗೆ ಹಲ್ಲಿ ಲೊಚಗುಟ್ಟುವಂಥ ಟಕ್ ಟಕ್ ಸದ್ದು. ವೋಲ್ಟೇಜ್ ಏರಿದರೆ ಇಳಿಸುತ್ತದೆ, ಇಳಿದರೆ ಏರಿಸುತ್ತದೆ ಎಂದು ಅವನ ವಿವರಣೆ. ಮನೆಗೆ ತಂದ ದಿನದಿಂದ ನಾನು ಟಿವಿ ನೋಡಿದ್ದಕ್ಕಿಂತ ಆ ಮುಳ್ಳು ನೋಡಿದ್ದೇ ಹೆಚ್ಚು. ಟಿವಿಯಲ್ಲಿ ಯಾರೋ ಅಳುತ್ತಿದ್ದರೆ ಇಲ್ಲಿ ಮುಳ್ಳು ನಡುಗುತ್ತಿರುತ್ತಿತ್ತು, ನನ್ನ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಮುಳ್ಳಿಗೆ.

ಕ್ರಮೇಣ ಮನೆಯಲ್ಲಿ ಕೆಲವು ಕಾನೂನು ಬಂದವು. ಸಂಜೆ ಮಗ್ಗ ಓಡುವ ಹೊತ್ತಿನಲ್ಲಿ ಟಿವಿ ಇಲ್ಲ. ಮೋಡ ಕಂಡರೆ ಇಲ್ಲ. ಕರೆಂಟು ಹೋಗಿ ಬಂದ ಮೇಲೆ ಅದು ಸುಧಾರಿಸಿಕೊಳ್ಳುವ ತನಕ ಇಲ್ಲ. ಗ್ರೈಂಡರ್ ತಿರುಗುವಾಗಲಂತೂ ಇಲ್ಲವೇ ಇಲ್ಲ. ಆಫೀಸಿಗೆ ಹೊರಡುವ ಮುನ್ನ ಎಲ್ಲ ಪ್ಲಗ್ಗನ್ನೂ ನಾನೇ ಕಿತ್ತು, ವೈರುಗಳನ್ನು ಸುತ್ತಿ ಮೇಲಿಟ್ಟು ಹೋಗುತ್ತಿದ್ದೆ. ಹೆಂಡತಿ ಗಿರಿಜಾ ಮೊದಮೊದಲು ಜಗಳವಾಡಿದಳು, ಆಮೇಲೆ ಸುಮ್ಮನಾದಳು. ಹೆಂಡತಿ ಸುಮ್ಮನಾದರೆ ಒಪ್ಪಿದ್ದಾಳೆ ಎಂದು ತಿಳಿಯುವ ಗಂಡಸರ ಪೈಕಿ ನಾನೂ ಒಬ್ಬ. ಮಗಳು ಸುಧಾ ಒಂಬತ್ತನೇ ಕ್ಲಾಸು. ಅವಳಿಗೆ ಮನೆಯಲ್ಲಿ ಕನ್ನಡ, ಕೋಪ ಬಂದರೆ ತಮಿಳು. "ಇದು ಟಿವಿಯಾ ಅಪ್ಪಾ, ಸಾಮಿ ಪಡಮಾ?" ಎಂದು ಒಂದು ದಿನ ಕೇಳಿದಳು. ದೇವರ ಪಟಕ್ಕಾದರೆ ದಿನಕ್ಕೊಮ್ಮೆಯಾದರೂ ದೀಪ ಹಚ್ಚುತ್ತಾರೆ ಎಂದು ಅವಳ ತಾಯಿ ಒಳಗಿನಿಂದಲೇ ಸೇರಿಸಿದಳು.

ನಾನು ಇಷ್ಟೊಂದು ಕಾಯುತ್ತಿದ್ದದ್ದು ಸಿನಿಮಾಕ್ಕಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಬೀರುವಿನಲ್ಲಿ ಒಂದು ಕ್ಯಾಸೆಟ್ ಇತ್ತು. ನನ್ನ ತಂಗಿಯ ಮದುವೆಯದು. ಹರೂರಿನ ಕಲ್ಯಾಣಮಂಟಪದಲ್ಲಿ ತೆಗೆಸಿದ್ದು, ನಮ್ಮ ಕಡೆಯಲ್ಲಿ ಅದೇ ಮೊದಲ ವಿಡಿಯೋ ಮದುವೆ. ಓದಿದವನು ಎಂದು, ವಿಡಿಯೋದವರ ಲೈಟಿಗೆ ತಂದ ಜನರೇಟರಿನ ಉಸ್ತುವಾರಿ ನನಗೇ ಬಿದ್ದಿತ್ತು. ಆಗ ಅಪ್ಪ ಇದ್ದರು. ಕಂಬೈನಲ್ಲೂರಿನ ಹತ್ತಿರದ, ಕನ್ನಡದ ಮನೆಗಳಿರುವ ನಮ್ಮೂರಿನಲ್ಲಿ ಕುರಿ ಕಾಯ್ದುಕೊಂಡು ಬದುಕಿದ ಮನುಷ್ಯ, ಅಂದು ರೇಷ್ಮೆ ಪೇಟ ಸುತ್ತಿದ್ದರು. ಮರುವರ್ಷ ಹೋಗಿಬಿಟ್ಟರು. ಅವರದ್ದೆಂದು ನಮ್ಮಲ್ಲಿರುವುದು ಒಂದೇ ಫೋಟೋ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾರೆ. ಅಪ್ಪನ ನಡಿಗೆ, ಅಪ್ಪನ ದನಿ ಉಳಿದಿದ್ದರೆ ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ತಂಗಿಯ ಪಕ್ಕದ ಮನೆಯವರದೊಂದು ಕ್ಯಾಸೆಟ್ಟು, ಓಡುತ್ತಿರುವಾಗಲೇ ಕರೆಂಟು ಹೋಗಿ, ಯಾರೋ ಅವಸರದಲ್ಲಿ ಎಳೆದು ಹರಿದುಹೋಯಿತಂತೆ. ಅದನ್ನು ಕೇಳಿ ಹೆದರಿ ಅವಳು ತನ್ನದನ್ನು ತಂದು ನನಗೆ ಕೊಟ್ಟಿದ್ದಳು. ಅಣ್ಣನ ಮನೆಯಲ್ಲಾದರೆ ಜೋಪಾನವಾಗಿರುತ್ತದೆ ಎಂದು ಅವಳ ನಂಬಿಕೆ.

ಹೀಗಿರುವಾಗ ಅವ್ವ ಕಣ್ಣಿನ ಆಪರೇಷನ್ನಿಗೆ ಸೇಲಂಗೆ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದು ಕುರಿಗಳನ್ನು ಸದ್ದಿನಿಂದ ಗುರುತು ಹಿಡಿಯುವ ಹಂತಕ್ಕೆ ಬಂದಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿಸಿಕೊಂಡು ಮನೆಗೆ ಬಂದವಳು ಮೊಮ್ಮಗಳ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ನನ್ನ ತಲೆಯ ಬಿಳಿ ಕೂದಲು ನೋಡಿದಳು. ಆಮೇಲೆ ಗೋಡೆಯ ಪಕ್ಕದ ಟಿವಿಯ ಕಡೆ ಕೈ ತೋರಿಸಿದಳು.

"ಡಾಕ್ಟ್ರು ಕಣ್ಣು ಕೊಟ್ಟವ್ರೆ. ಈಗ ನಿಮ್ಮಪ್ಪನ್ನ ತೋರ್ಸು ಕಣ್ಲಾ."

ತೋರಿಸುವುದಕ್ಕೆ ನನಗೇನು ಕಷ್ಟ? ಆದರೆ ಅದು ಸಂಜೆಯ ಹೊತ್ತು, ಮುಳ್ಳು ನೆಲ ಕಚ್ಚಿತ್ತು. ನಾಳೆ ಎಂದೆ. ಆ ನಾಳೆಯ ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಹತ್ತಿರ ಯಾರೋ ಏಣಿ ಹಾಕಿಕೊಂಡು ನಿಂತಿದ್ದರು, ಅಂಥ ಹೊತ್ತಿನಲ್ಲಿ ಕರೆಂಟು ಯಾವಾಗ ಹೋಗಿ ಯಾವಾಗ ಬರುತ್ತದೋ ಗೊತ್ತಿಲ್ಲ. ಮರುದಿನ ಮೋಡ. ಅವ್ವ ದಿನಾ ಬೆಳಿಗ್ಗೆ ಕಾಫಿ ಕುಡಿದು ಟಿವಿಯ ಎದುರು ಚಾಪೆ ಹಾಕಿ ಕೂರುವಳು. ನಾನು ಮುಳ್ಳು ನೋಡಿ ತಲೆ ಅಲ್ಲಾಡಿಸುವೆನು. ಲೋ ವೋಲ್ಟೇಜ್ ಎಂದರೇನು, ಹೈ ವೋಲ್ಟೇಜ್ ಎಂದರೇನು, ನಡುವೆ ಕರೆಂಟು ಹೋದರೆ ಟೇಪು ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ಅವಳಿಗೆ ತಾಳ್ಮೆಯಿಂದ ವಿವರಿಸಿದೆ. ಒಮ್ಮೆ ಹರಿದರೆ ಅಪ್ಪ ಇನ್ನೊಮ್ಮೆ ಹೋದ ಹಾಗೆ ಎಂದೂ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡು, ಸಿಡಿಲಿಗೆ ಹೆದರುತ್ತೀಯಾ ಎಂದು ಮಾತ್ರ ಕೇಳಿದಳು. ಹೌದು, ಅದಕ್ಕೂ ಎಂದೆ.

ಆಗ ಅವಳು ತನ್ನ ಗಂಟು ಬಿಚ್ಚಿ ಕರಿ ಕಂಬಳಿ ತೆಗೆದಳು. ನಮ್ಮ ಕುರಿಯದೇ ಉಣ್ಣೆ, ನಮ್ಮೂರಿನಲ್ಲೇ ನೇಯ್ದದ್ದು, ಅಪ್ಪ ಹೊದೆಯುತ್ತಿದ್ದದ್ದು. ಬಯಲಿನಲ್ಲಿ ಗುಡುಗಿದರೆ ಕುರಿ ಕಾಯುವವರು ಕಂಬಳಿಯನ್ನು ಮಡಿಚಿ ತಲೆಯಿಂದ ಕೊಪ್ಪೆ ಹಾಕಿ ಕೂರುತ್ತಾರೆ, ಕಂಬಳಿ ಹೊದ್ದವನಿಗೆ ಸಿಡಿಲು ಹೊಡೆಯುವುದಿಲ್ಲ ಎಂಬುದು ನಮ್ಮವರ ಹಳೆಯ ಧೈರ್ಯ. ಇದನ್ನು ಟಿವಿ ಮ್ಯಾಲೆ ಒದಿಸು, ಏನೂ ಆಗಾಕಿಲ್ಲ ಎಂದಳು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ನಾನು ವಿಜ್ಞಾನ ಓದಿದವನು, ಓದಿದವನಿಗೆ ತನಗೆ ಬೇಕಾದ ಮೂಢನಂಬಿಕೆಗೆ ಕಾರಣ ಹುಡುಕುವುದು ಸುಲಭ. ಉಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲ, ಇದು ಪುಸ್ತಕದಲ್ಲೇ ಇದೆ. ಟಿವಿಗೆ ಹೊದಿಸಲು ಹೋದವನು ಅರ್ಧದಲ್ಲಿ ನಿಂತೆ. ಟಿವಿಯನ್ನು ಸ್ಟೆಬಿಲೈಸರ್ ಕಾಯುತ್ತದೆ, ಸರಿ. ಸ್ಟೆಬಿಲೈಸರನ್ನು ಕಾಯುವವರು ಯಾರು? ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸ್ಟೆಬಿಲೈಸರಿಗೆ ಹೊದಿಸಿದೆ, ಮುಳ್ಳಿಗೆ ಮಾತ್ರ ಮುಂದೆ ಕಿಂಡಿ ಬಿಟ್ಟೆ. ಗಿರಿಜಾ ಬಂದು ನೋಡಿ, ಅದಕ್ಕೆ ಚಳಿ ಜ್ವರವಾ ಎಂದು ಕೇಳಿ ಹೋದಳು.

ಅದಾದ ಮೇಲೆ ಒಂದು ಆಶ್ಚರ್ಯ ನಡೆಯಿತು. ಅವ್ವ ಕೇಳುವುದನ್ನೇ ನಿಲ್ಲಿಸಿಬಿಟ್ಟಳು. ಬೆಳಿಗ್ಗೆ ಚಾಪೆ ಹಾಕುವುದನ್ನೂ ಬಿಟ್ಟಳು. ನಾನು ಆಫೀಸಿಗೆ ಹೊರಟರೆ "ಓಗ್ಬಾ, ನಿದಾನಕ್ಕೆ ಬಾ" ಎಂದು ಸಂತೋಷದಿಂದಲೇ ಕಳಿಸುತ್ತಿದ್ದಳು. ನನ್ನ ವಿವರಣೆ ಅವಳಿಗೆ ನಾಟಿತು ಎಂದು ನನಗೆ ಹೆಮ್ಮೆಯಾಯಿತು. ಓದುಬರಹವಿಲ್ಲದ ನಮ್ಮವ್ವ ವೋಲ್ಟೇಜ್ ಅರ್ಥ ಮಾಡಿಕೊಂಡಳು, ಓದಿದ ನನ್ನ ಹೆಂಡತಿಗೆ ಆಗಲಿಲ್ಲ ಎಂದು ಆಫೀಸಿನಲ್ಲಿ ಹೇಳಿಕೊಂಡೆ. ಒಂದೆರಡು ಸಂಜೆ ಟಿವಿಯ ಬೆನ್ನು ಮುಟ್ಟಿದರೆ ಬೆಚ್ಚಗಿತ್ತು, ಸೇಲಂನ ಸೆಕೆ ಅಂದುಕೊಂಡೆ. ಕಂಬಳಿಯ ಮಡಿಕೆ ನಾನು ಮಾಡಿದ ಹಾಗಿರಲಿಲ್ಲ, ಕಸ ಗುಡಿಸುವಾಗ ಸರಿದಿರಬೇಕು ಅಂದುಕೊಂಡೆ.

ಕೊನೆಗೊಂದು ಭಾನುವಾರ ನಾನೇ ಶುಭಮುಹೂರ್ತ ಇಟ್ಟೆ. ಅಂದು ಮಗ್ಗಗಳಿಗೆ ರಜಾ, ಬೆಳಿಗ್ಗೆಯೇ ಬಲ್ಬು ಪಳಪಳ ಹೊಳೆಯುತ್ತಿತ್ತು. ಎಲ್ಲರನ್ನೂ ಕೂರಿಸಿದೆ. ಗಿರಿಜಾ ಮತ್ತು ಸುಧಾ ಮುಖಮುಖ ನೋಡಿಕೊಂಡರು, ಅವ್ವ ಕನ್ನಡಕ ಒರೆಸಿಕೊಂಡಳು. ಪಡುವಣದಲ್ಲಿ ಒಂದು ತುಣುಕು ಮೋಡವಿತ್ತು, ಆದ್ದರಿಂದ ಸ್ಟೆಬಿಲೈಸರಿನ ಕಂಬಳಿಯನ್ನು ತೆಗೆಯಲಿಲ್ಲ, ಇನ್ನೂ ಬಿಗಿಯಾಗಿ ಸುತ್ತಿದೆ. ಮಗ್ಗ ನಿಂತರೆ ವೋಲ್ಟೇಜ್ ಏರಿಯೇ ಇರುತ್ತದೆ, ಅದನ್ನು ಇಳಿಸಲು ಒಳಗೆ ಆ ಪೆಟ್ಟಿಗೆ ಒದ್ದಾಡುತ್ತದೆ, ಒದ್ದಾಡುವುದಕ್ಕೆ ಗಾಳಿ ಬೇಕು ಎಂಬುದೆಲ್ಲ ಆಮೇಲೆ ಹೊಳೆದ ಮಾತು. ಕ್ಯಾಸೆಟ್ ಒಳಗೆ ಹೋಯಿತು. ವಾಲಗ ಕೇಳಿಸಿತು. ಬಾಳೆಕಂದು, ತೋರಣ, ಬಾಗಿಲು. ಬಾಗಿಲಲ್ಲಿ ಒಂದು ರೇಷ್ಮೆ ಪೇಟ ಕಾಣುವಷ್ಟರಲ್ಲಿ ಕುರಿ ಸುಟ್ಟ ವಾಸನೆ ಬಂತು. ಕಂಬಳಿಯ ಒಳಗಿಂದ ಹೊಗೆ. ಸ್ಟೆಬಿಲೈಸರ್ ಕೊನೆಯದಾಗಿ ಒಮ್ಮೆ ಟಕ್ ಎಂದಿತು, ಟಿವಿ ಬೆಳ್ಳಗೆ ಉರಿದು ಕಪ್ಪಾಯಿತು, ವಿಸಿಆರಿನಲ್ಲಿ ಏನೋ ಸಿಡಿಯಿತು. ಗಿರಿಜಾ ಮೈನ್ ಆಫ್ ಮಾಡಿದಳು. ನಾನು ವಿಸಿಆರಿನ ಬಾಯಿಗೆ ಕೈ ಹಾಕಿ ಕ್ಯಾಸೆಟ್ಟನ್ನು ಹಿಡಿದೆಳೆದೆ. ಯಾವುದನ್ನು ಮಾಡಬೇಡಿ ಎಂದು ಮನೆಯವರಿಗೆಲ್ಲ ಪಾಠ ಹೇಳುತ್ತಿದ್ದೆನೋ ಅದನ್ನೇ ಎರಡೂ ಕೈಯಲ್ಲಿ ಮಾಡಿದೆ. ಕಪ್ಪು ಟೇಪು ಮುದ್ದೆಮುದ್ದೆಯಾಗಿ ಹೊರಗೆ ಬಂತು.

ನೆಲದ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆ, ಆದರೆ ಅತ್ತೆ. ಅವ್ವನಿಗೆ ಕಣ್ಣು ಬಂದೂ ಅಪ್ಪನನ್ನು ತೋರಿಸಲಾಗಲಿಲ್ಲವಲ್ಲ ಎಂದೆ. ಆಮೇಲೆ ಗಿರಿಜಾ, ಅಳುವ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಅತ್ತೆ ನೋಡವ್ರೆ ರೀ. ನೀವು ಆಫೀಸ್‌ಗೆ ಓದ್ಮೇಲೆ ದಿನಾ ನೋಡ್ತಾ ಇದ್ವಿ."

ಹೇಗೆ ಎಂದು ಕೇಳಿದೆ. ಸುತ್ತಿಟ್ಟ ವೈರು ಬಿಚ್ಚಿ, ಸ್ಟೆಬಿಲೈಸರನ್ನು ಪಕ್ಕಕ್ಕಿಟ್ಟು, ನೇರ ಗೋಡೆಗೇ ಪ್ಲಗ್ ಹಾಕಿ. ಆ ಟಕ್ ಟಕ್ ಸದ್ದು ಅವ್ವನಿಗೆ ಆಗಿಬರುತ್ತಿರಲಿಲ್ಲವಂತೆ. ನಡುವೆ ಎರಡು ಸಲ ಕರೆಂಟೂ ಹೋಗಿತ್ತಂತೆ. ಬರುವ ತನಕ ಕಾಫಿ ಕುಡಿಯುತ್ತ ಕೂತಿದ್ದು, ಬಂದ ಮೇಲೆ ಮುಂದಕ್ಕೆ ನೋಡಿದರಂತೆ. ಒಂದು ಸಲ ಸುಧಾಳ ಗೆಳತಿಯರೂ ಬಂದು ನೋಡಿ ಹೋಗಿದ್ದರು. ನನ್ನ ಅಪ್ಪನನ್ನು ಬೀದಿಯ ಹುಡುಗಿಯರೆಲ್ಲ ನೋಡಿದ್ದರು, ನಾನು ಮುಳ್ಳು ನೋಡಿದ್ದೆ.

ಟೇಪನ್ನು ಅಂಗಡಿಗೆ ಒಯ್ದೆ. ಹರಿದು ಮುದ್ದೆಯಾದಷ್ಟನ್ನು ಕತ್ತರಿಸಿ ಉಳಿದದ್ದನ್ನು ಅಂಟಿಸಿಕೊಟ್ಟರು. ಉಳಿದದ್ದರಲ್ಲಿ ಊಟದ ಪಂಕ್ತಿ ಇದೆ. ನನಗೆ ಗುರುತೇ ಇಲ್ಲದವರು ಬಹಳ ಹೊತ್ತು ಅನ್ನ ಸಾರು ಉಣ್ಣುತ್ತಾರೆ, ಒಬ್ಬ ಮನುಷ್ಯ ಮೂರು ಸಲ ಪಾಯಸ ಹಾಕಿಸಿಕೊಳ್ಳುತ್ತಾನೆ. ಅಪ್ಪ ಇದ್ದದ್ದೆಲ್ಲ ಕತ್ತರಿಸಿ ಎಸೆದ ಮೊದಲ ಭಾಗದಲ್ಲಿ, ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಳ್ಳುವಾಗ.

ಆ ವಾರವೇ ಒಂದು ಸಂಜೆ ಕರೆಂಟು ಹೋಯಿತು. ಸೆಕೆಗೆ ನಾಲ್ಕೂ ಜನ ಹೊರಗಿನ ಜಗಲಿಯಲ್ಲಿ ಕೂತಿದ್ದೆವು. ನಾನು ಮಾತು ಬಿಟ್ಟು ದಿನಗಳಾಗಿದ್ದವು. ಅವ್ವ ಬೀಸಣಿಗೆ ಬೀಸಿಕೊಳ್ಳುತ್ತ, ನಾನು ಯೋಳ್ತೀನಿ ಕೇಳು ಎಂದು ತಾನಾಗಿಯೇ ಶುರುಮಾಡಿದಳು. ಅಪ್ಪ ಬಾಗಿಲಿಗೆ ಬಂದದ್ದು, ಪೇಟ ಒಂದು ಕಡೆ ಜಾರಿದ್ದು, ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡದ್ದು, ಎಲ್ಲ ಹೇಳಿದಳು. ಎಷ್ಟು ಸಲ ನೋಡಿದ್ದಳೋ, ಒಂದೂ ತಪ್ಪಲಿಲ್ಲ. ಸುಧಾ ನಡುನಡುವೆ ಒಂದೆರಡು ಮಾತು ಸೇರಿಸುತ್ತಿದ್ದಳು. ಸಾವಿರ ಸ್ಪೀಕರಿನಲ್ಲಿ ಬಾರದ್ದು ನನಗೆ ಆ ಕತ್ತಲಲ್ಲಿ ಕೇಳಿಸಿತು. ಅಪ್ಪ ಏನಾದರೂ ಮಾತಾಡುತ್ತಾರಾ ಎಂದು ಕೇಳಿದೆ.

"ಪೋಟೋ ಇಡೀತಾವ್ರೆ ಅಂದ್ಕೊಂಡು ಅಲ್ಲಾಡ್ದೆ ಕೈ ಮುಗ್ಕೊಂಡು ನಿಂತವ್ರೆ. ಆಮೇಲೆ 'ಆಯ್ತೇನಪ್ಪಾ, ನಾನು ಓಗ್ಲಾ?' ಅಂತಾರೆ."

"ಯಾರನ್ನ ಕೇಳ್ತಾರೆ?"

"ನಿನ್ನೇ. ನಿನ್ ಮೊಕ ಕಾಣಾಕಿಲ್ಲ, ದನಿ ಐತೆ. 'ಇರಪ್ಪಾ, ಇನ್ನೂ ವೋಲ್ಟೇಜ್ ಬಂದಿಲ್ಲ' ಅಂತೀಯ."

"ಆಮೇಲೆ?"

"ಆಮೇಲೇನು, ನಿಂತೇ ಅವ್ರೆ. ನೀನು ಯೋಳಿದ್ಯಲ್ಲ."

ಅಷ್ಟರಲ್ಲಿ ಬೀದಿಯ ಮಕ್ಕಳು "ವಂದಿರುಚ್ಚು" ಎಂದು ಕೂಗಿದವು. ಒಳಗೆ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು. ಸುಧಾ ಎದ್ದು ಹೋಗಿ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಳು. "ಇರಮ್ಮಾ, ವೋಲ್ಟೇಜ್" ಎನ್ನುವಷ್ಟು ಆಗಲೇ ನನ್ನ ಬಾಯಿಂದ ಬಂದುಬಿಟ್ಟಿತ್ತು. ಅವ್ವ ಕನ್ನಡಕ ತೆಗೆದು, ಡಾಕ್ಟರು ಕೊಟ್ಟ ಎರಡೂ ಕಣ್ಣಿನಿಂದ ನನ್ನನ್ನೇ ನೋಡಿದಳು. ಸುಧಾ ಫ್ಯಾನ್ ಹಾಕಿದಳು.