ಇಪ್ಪತ್ತು ವರ್ಷ ಸರ್ವೀಸಿನ ಹುಡುಗ

ಎಲ್ಲ ತಾಪತ್ರಯಕ್ಕೂ ಮೂಲ ಬೈರೇಶನ ಮೀಸೆ. ಇದ್ದಷ್ಟು ದಿನ ಅದನ್ನು ಕೇಳಿದವರಿಲ್ಲ. ಹೋದ ಮಾರನೆಯ ದಿನವೇ ಅದರ ಬೆಲೆ ಗೊತ್ತಾಯಿತು.

ಬೈರೇಶನಿಗೆ ಮೂವತ್ತೊಂದು ವರ್ಷ. ಎತ್ತರ ನಾಲ್ಕಡಿ ಹತ್ತಿಂಚು, ಅದೂ ಚಪ್ಪಲಿ ಹಾಕಿಕೊಂಡರೆ. ದೊಡ್ಡಬಳ್ಳಾಪುರದ ವೆಂಕಟರಾಯಪ್ಪನವರ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವ ಈ ಮನುಷ್ಯನಿಗೆ ದೊಡ್ಡವನೆಂಬ ಗುರುತು ಅಂತ ಇದ್ದದ್ದು ಒಂದು ಪೊದೆ ಮೀಸೆ ಮಾತ್ರ. ಅದನ್ನೂ ಭಾನುವಾರ ಘಾಟಿಗೆ ಹೋಗಿ ತಲೆಗೂದಲಿನ ಜೊತೆ ದೇವರಿಗೆ ಕೊಟ್ಟು ಬಂದಿದ್ದ. ಸೋಂಪುರದ ಹೊಸ ಮಿಲ್ಲಿನಲ್ಲಿ ಸೂಪರ್‌ವೈಸರ್ ಕೆಲಸ ಸಿಗಲಿ ಅಂತ ಹರಕೆ. ಪಿಎಫ್, ಇಎಸ್‌ಐ, ವಾರಕ್ಕೊಂದು ರಜೆ, ಮೇಲಾಗಿ ಕೂರುವುದಕ್ಕೆ ಒಂದು ಕುರ್ಚಿ!

"ಕೆಲ್ಸ ಸಿಕ್ಮೇಲೆ ಮುಡಿ ಕೊಡೋಣ ಕಣೇ" ಅಂದಿದ್ದ. ಹೆಂಡತಿ ಪದ್ಮಶ್ರೀ ಕೇಳಬೇಕಲ್ಲ! "ದೇವ್ರನ್ನೇ ಕಾಯಿಸ್ತೀರಾ?" ಅಂದು ಬಸ್ಸು ಹತ್ತಿಸಿದ್ದಳು.

ಮಿಲ್ಲಿನವರು ಕೇಳಿದ್ದು ಒಂದೇ ಒಂದು ಕಾಗದ. ಹತ್ತು ವರ್ಷಕ್ಕೆ ಕಮ್ಮಿಯಿಲ್ಲದ ಅನುಭವ ಇದೆ ಎಂದು ಮಾಲೀಕರ ಪತ್ರ, ಸೋಮವಾರ ಸಂಜೆ ನಾಲ್ಕರೊಳಗೆ. ಆರು ವಾರ ಗೋಗರೆದ ಮೇಲೆ ವೆಂಕಟರಾಯಪ್ಪನವರು ಆ ಸೋಮವಾರ ಬೆಳಗ್ಗೆ ತಮ್ಮ ಕೈಯಾರೆ 'ಬೈರೇಶ್ ನಮ್ಮಲ್ಲಿ 20 ವರ್ಷದಿಂದ ಕೆಲಸ ಮಾಡುತ್ತಿದ್ದಾನೆ, ನಂಬಿಕಸ್ಥ' ಎಂದು ಬರೆದು ಸೀಲು ಒತ್ತಿದರು. ಮಗ್ಗದ ಮೇಲಿರುವ ಸೀರೆ ಮುಗಿಸಿಯೇ ಹೊರಡಬೇಕು ಎಂದು ಷರತ್ತನ್ನೂ ಹಾಕಿದರು.

ಇನ್ನು ಶೆಡ್ಡಿನ ಭಾಷೆ ಗೊತ್ತಲ್ಲ. ಅಲ್ಲಿ ಕೆಲಸಕ್ಕಿರುವ ಗಂಡಸು ಯಾವ ವಯಸ್ಸಿನವನಾದರೂ ಹುಡುಗ. ಕಂಡಿಕೆಗೆ ನೂಲು ಸುತ್ತುವ ಪಾಪಕ್ಕನಿಗೆ ಅರವತ್ತು ದಾಟಿದೆ, ಆಕೆ ಹುಡುಗಿ. ಇದು ಬೀದಿಗೆಲ್ಲ ತಿಳಿದ ವಿಷಯ. ತಿಳಿಯದೆ ಇದ್ದವರು ಎದುರು ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಕಾಲೇಜು ಮೇಡಮ್ ಸಂಘಮಿತ್ರ ಒಬ್ಬರೇ. ಅವರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬರುವುದಕ್ಕೂ, ಶೆಡ್ಡಿನಿಂದ "ಲೇ ಹುಡುಗಾ! ಎಳೆ ತುಂಡಾಗೈತೆ ನೋಡ್ಲಾ!" ಅಂತ ಕೂಗು ಕೇಳುವುದಕ್ಕೂ ಸರಿಹೋಯಿತು. ಕಿಟಕಿಯಲ್ಲಿ ಕಂಡದ್ದು ಸ್ಟೂಲಿನ ಮೇಲೆ ನಿಂತ ಒಂದು ಬೋಳು ತಲೆ. ಮೇಡಮ್ಮಿಗೆ ಕರುಳು ಚುರುಕ್ಕೆಂದಿತು. ಮಕ್ಕಳ ಸಹಾಯವಾಣಿಗೆ ಫೋನು ಹೋಯಿತು.

ಹನ್ನೊಂದಕ್ಕೆ ಜೀಪು ಬಂತು. ಇಳಿದ ಕಾರ್ಮಿಕ ಇಲಾಖೆಯ ಸಾಹೇಬರ ಹೆಸರು ಸುನಿಲ್‌ಕುಮಾರ್. ಹಿಂದೆಯೇ ಸಂಘಮಿತ್ರ.

"ಎಷ್ಟು ಜನ ಕೆಲ್ಸಕ್ಕಿದ್ದಾರೆ?"

"ಮೂರು ಜನ ಹುಡುಗ್ರು ಸಾರ್, ಒಬ್ಬಳು ಹುಡುಗಿ" ಅಂದರು ವೆಂಕಟರಾಯಪ್ಪ, ಎದೆಯುಬ್ಬಿಸಿ.

ಸಾಹೇಬರು ಅದನ್ನು ಹಾಗೇ ಬರೆದುಕೊಂಡರು. ಆಮೇಲೆ ಬೈರೇಶನ ಬೋಳು ತಲೆ ಸವರಿ, "ಹೆದರ್ಬೇಡ ಪುಟ್ಟಾ. ಯಾವ ಕ್ಲಾಸಿಗೆ ಬಿಟ್ಟೆ?" ಅಂದರು.

"ಸಾರ್, ನಂಗೆ ಎರಡು ಮಕ್ಳವೆ!"

"ಹೀಗೆ ಹೇಳು ಅಂತ ಯಾರು ಹೇಳ್ಕೊಟ್ರು?" ಸಾಹೇಬರು ಮೇಡಮ್ ಕಡೆ ತಿರುಗಿದರು. "ದನಿ ಒಡೆದಿದೆ. ಹದಿಮೂರು ಅಂತ ಬರ್ಕೋತೀನಿ."

ಸಂಘಮಿತ್ರ ಚೀಲದಿಂದ ಬಿಸ್ಕೆಟ್ ಪ್ಯಾಕೆಟ್ ತೆಗೆದು ಅವನ ಕೈಗಿಟ್ಟರು. ಥೂ, ಎಂಥ ಗ್ರಹಚಾರ! ಬೈರೇಶ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಧಾರ್ ಕಾರ್ಡು ತೆಗೆದ. ಸಾಹೇಬರು ಕಾರ್ಡಿನ ಮೀಸೆ ನೋಡಿದರು, ಬೋಳು ಮುಖ ನೋಡಿದರು.

"ಇದು ನಿಮ್ಮಪ್ಪಂದು. ನಿಂದೆಲ್ಲಿ?"

ಯಾರೋ ಮನೆಗೆ ಸುದ್ದಿ ಮುಟ್ಟಿಸಿದ್ದರು. ಪದ್ಮಶ್ರೀ ಏದುಸಿರು ಬಿಡುತ್ತ ಬಂದಳು. ಗಂಡನಿಗಿಂತ ಒಂದು ಗೇಣು ಎತ್ತರದ ಹೆಣ್ಣು. ಬಂದವಳೇ ಅವನ ರಟ್ಟೆ ಹಿಡಿದೆಳೆದು, "ನಡೀರಿ ಮನೆಗೆ!" ಅಂದಳು.

"ನೀವು ಹುಡುಗನ ತಾಯೀನಾ? ಮಗನ್ನ ಕೆಲ್ಸಕ್ಕೆ ಕಳಿಸೋಕೆ ನಾಚ್ಕೆ ಆಗಲ್ವಾ?"

ಪದ್ಮಶ್ರೀಗೆ ಮೂವತ್ತೂ ತುಂಬಿರಲಿಲ್ಲ. ಗಂಡನನ್ನು ಬಿಡಿಸಿಕೊಳ್ಳಲು ಬಂದದ್ದೇ ಮರೆತುಹೋಯಿತು. "ನಾನು ಮುದುಕಿ ಥರ ಕಾಣ್ತೀನಾ ನಿಮ್ಗೆ?" ಅಂತ ಸಾಹೇಬರ ಮೇಲೆ ಹರಿಹಾಯ್ದಳು. ಗಂಡನ ಕಡೆ ತಿರುಗಿ "ನೋಡ್ಕೊಂಡು ಸುಮ್ನಿದ್ದೀರಲ್ಲ!" ಅಂತ ಬೈದು, ಮೂಗು ಒರೆಸಿಕೊಳ್ಳುತ್ತ ಹೊರಟೇಹೋದಳು.

ಗಂಟೆ ಒಂದಾಯಿತು. ಎರಡೂಕಾಲಿನ ಬಸ್ಸು ತಪ್ಪಿದರೆ ಸೋಂಪುರ ಮುಟ್ಟಿದಂತೆಯೇ! ಬೈರೇಶನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಥಟ್ಟನೆ ಜೇಬಿನ ಪತ್ರ ನೆನಪಾಯಿತು.

"ಇದನ್ನಾದ್ರೂ ನೋಡಿ ಸಾರ್! ಇಪ್ಪತ್ತು ವರ್ಷ ಸರ್ವೀಸು. ಯಜಮಾನ್ರ ಕೈಬರಹ, ಸೀಲು ಸಮೇತ. ಹದಿಮೂರು ವರ್ಷದೋನು ಇಪ್ಪತ್ತು ವರ್ಷ ಕೆಲ್ಸ ಮಾಡಕಾಯ್ತದಾ?"

ಸಾಹೇಬರು ಓದಿದರು. ಮುಖ ಸಡಿಲವಾಯಿತು. "ಅದೂ ಸರೀನೇ. ಕ್ಷಮಿಸಪ್ಪಾ, ತಪ್ಪಾಯ್ತು." ಬೈರೇಶ ಉಸಿರು ಬಿಟ್ಟ. ಸಾಹೇಬರು ಹೋಗಲು ತಿರುಗಿದವರು ಬಾಗಿಲಲ್ಲಿ ನಿಂತರು. ಬೆರಳು ಮಡಚಿ ಲೆಕ್ಕ ಹಾಕಿದರು.

"ಕಾರ್ಡಿನ ಪ್ರಕಾರ ಈಗ ಮೂವತ್ತೊಂದು. ಅದ್ರಲ್ಲಿ ಇಪ್ಪತ್ತು ಹೋದ್ರೆ... ಕೆಲ್ಸಕ್ಕೆ ಸೇರ್ದಾಗ ಹನ್ನೊಂದಾ?"

"ಹೂಂ ಸಾರ್" ಅಂದಳು ಪಾಪಕ್ಕ, ಉಪಕಾರ ಮಾಡುವವಳ ಹಾಗೆ. "ಇಷ್ಟುದ್ದ ಇದ್ದ. ಮಗ್ಗ ಎಟುಕ್ತಿರ್ಲಿಲ್ಲ ಅಂತ ಯಜಮಾನ್ರೇ ಈ ಸ್ಟೂಲ್ ಮಾಡಿಸ್ಕೊಟ್ರು. ಸ್ಕೂಲಿಗೆ ಹೋಗ್ತೀನಿ ಅಂತ ಒಂದು ವಾರ ಅತ್ತ, ಪಾಪ."

ಶೆಡ್ಡಿನಲ್ಲಿ ಎಲ್ಲರೂ ಸ್ಟೂಲು ನೋಡಿದರು. ಎರಡು ಪಾದ ಊರುವ ಕಡೆ ಮರ ಸವೆದು ಗುಳಿ ಬಿದ್ದಿತ್ತು. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅದನ್ನು ಹೀಗೆ ನೋಡಿರಲಿಲ್ಲ, ಬೈರೇಶನೂ ನೋಡಿರಲಿಲ್ಲ.

"ನಂಗೇನಾದ್ರೂ ಪರಿಹಾರ ಸಿಗ್ತದಾ ಸಾರ್?"

"ಹದಿನಾಲ್ಕರ ಒಳಗಿದ್ದಿದ್ರೆ ಈಗ್ಲೇ ಸ್ಕೂಲಿಗೆ ಸೇರಿಸ್ತಿದ್ದೆ. ನೀನು ಲೇಟು. ಆದ್ರೆ ಈ ಪತ್ರ ಸಾಕ್ಷಿ, ಇದು ನನ್ನ ಫೈಲಿಗೆ. ಶೆಡ್ಡಿಗೂ ಬೀಗ ಬೀಳಬಹುದು."

ಬೀಗ ಅಂದದ್ದೇ ತಡ, ವೆಂಕಟರಾಯಪ್ಪ ಪೆನ್ನು ಹಿಡಿದು ಹಾರಿ ಬಂದರು. "ಸಾರ್, ಸೊನ್ನೆ ಒಂದು ಜಾಸ್ತಿ ಬಿದ್ದೋಗಿದೆ! ಎರಡು ವರ್ಷ ಅಷ್ಟೇ!" ಪತ್ರ ಇಸಿದುಕೊಂಡು ಸೊನ್ನೆ ಹೊಡೆದುಹಾಕಿ ಸಹಿ ಹಾಕಿದರು.

"ಎರಡು ವರ್ಷದ ಹಾಜರಿ ಪುಸ್ತಕ ತೋರ್ಸಿ."

"ಅಯ್ಯೋ, ವರ್ಷ ಅಂತ ಬರೆದ್ನಾ? ತಿಂಗಳು ಸಾರ್, ಎರಡು ತಿಂಗಳು!" ಇನ್ನೊಂದು ಗೀಟು, ಇನ್ನೊಂದು ಸಹಿ.

"ಎರಡು ತಿಂಗಳ ಸಂಬಳದ ಚೀಟಿ?"

"ದಿನ ಸಾರ್! ಎರಡೇ ದಿನ!"

"ಯಜಮಾನ್ರೇ, ನನ್ನ ಇಪ್ಪತ್ತು ವರ್ಷ!" ಬೈರೇಶ ಕೂಗಿದ. "ಹನ್ನೊಂದಕ್ಕೇ ಬಂದೆ ಸಾರ್, ನಿಜ!"

"ಸುಮ್ನಿರ್ಲಾ ಹುಡುಗ, ದೊಡ್ಡೋರು ಮಾತಾಡ್ತಿರ್ವಾಗ" ಎಂದು ಗದರಿ ವೆಂಕಟರಾಯಪ್ಪ ಸೀಲು ಒತ್ತಿದರು.

ಸಾಹೇಬರಿಗೆ ಹಸಿವಾಗಿತ್ತು. ಎರಡು ದಿನದ ಕೆಲಸಗಾರನ ಬಗ್ಗೆ ಬರೆಯಲು ಅವರಿಗೇನೂ ಉಳಿದಿರಲಿಲ್ಲ. ಪತ್ರ ವಾಪಸು ಕೊಟ್ಟು ಜೀಪು ಹತ್ತಿದರು. ಸಂಘಮಿತ್ರ ಮಾತ್ರ "ಓದೋ ಆಸೆ ಇದ್ರೆ ಸಂಜೆ ನಮ್ಮನೆಗೆ ಬನ್ನಿ" ಅಂದು ತಲೆ ತಗ್ಗಿಸಿಕೊಂಡು ಹೋದರು.

ಸೋಂಪುರದ ಆಸೆ ಬಿಟ್ಟುಬಿಡಬಹುದಿತ್ತು. ಆದರೆ ಬಿಟ್ಟರೆ ಮುಡಿ ಕೊಟ್ಟದ್ದು ದಂಡ. ಎರಡೂಕಾಲಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಬಿಸ್ಕೆಟ್ಟನ್ನೇ ಊಟ ಮಾಡಿಕೊಂಡು, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬೈರೇಶ ಸೋಂಪುರದ ಮಿಲ್ಲಿನ ಆಫೀಸು ಹೊಕ್ಕ. ನೇಮಕಾತಿ ನೋಡಿಕೊಳ್ಳುವ ಆಶಾರಾಣಿ ಮೇಡಮ್ ಗೀಟುಗಳ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎರಡು ದಿನದ ಅನುಭವಕ್ಕೆ ಸೂಪರ್‌ವೈಸರ್ ಕೆಲಸ ಕೊಡಕ್ಕಾಗಲ್ಲಪ್ಪ. ಟ್ರೈನಿ ಮಾಡ್ಬಹುದು. ವಯಸ್ಸೆಷ್ಟು?"

"ಬೆಳಗ್ಗೆ ಹದಿಮೂರಿತ್ತು ಮೇಡಮ್. ಮಧ್ಯಾಹ್ನಕ್ಕೆ ಮೂವತ್ತೊಂದಾಯ್ತು."

ಮೇಡಮ್ ನಗಲಿಲ್ಲ. ಆಧಾರ್ ಕಾರ್ಡಿನ ಮೀಸೆಯನ್ನು ಒಮ್ಮೆ ನೋಡಿ ಹಿಂದಕ್ಕೆ ತಳ್ಳಿದರು. "ಟ್ರೈನಿಗೆ ಇಪ್ಪತ್ತೈದು ದಾಟಿರಬಾರ್ದು. ನಮಗೆ ಬೇಕಾಗಿರೋದು ಹುಡುಗ್ರು."

ಗೇಟಿನ ಹೊರಗೆ ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ವೆಂಕಟರಾಯಪ್ಪ.

"ಲೇ ಹುಡುಗಾ, ಎಲ್ಲೋಗಿ ಸತ್ತೆ? ಸೀರೆ ಅರ್ಧಕ್ಕೇ ನಿಂತೈತೆ. ಬೇಗ ಬಾ. ಆಮೇಲೆ, ಆ ದರಿದ್ರ ಸ್ಟೂಲ್‌ನ ಒಡೆಸಿ ಒಲೆಗೆ ಹಾಕ್ಸಿದೀನಿ. ಇನ್ಮೇಲಿಂದ ತುದಿಗಾಲಲ್ಲಿ ನಿಂತ್ಕೊಂಡು ನೇಯಿ."