ಅಪ್ಪನ ಮಣಿಕಟ್ಟಿನಲ್ಲಿ ಕುಳಿತ ಚಾಡಿಕೋರರಿಗೆ

ಮಾನ್ಯ ಕೈಪಟ್ಟಿಯವರೇ,

ತಾವು ಕ್ಷೇಮವೆಂದೂ ತಮ್ಮ ಬ್ಯಾಟರಿ ಶೇಕಡಾ ತೊಂಬತ್ತೆರಡು ತುಂಬಿದೆಯೆಂದೂ ನನ್ನ ಫೋನಿನಿಂದ ತಿಳಿದು ಸಂತೋಷವಾಯಿತು. ನಲವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದು, ಈಗ ಪಾರ್ಕಿನ್ಸನ್ ಕಾಯಿಲೆಯಿಂದ ಎಡಗೈ ನಡುಗುವ ನಮ್ಮ ಅಪ್ಪನ ಮಣಿಕಟ್ಟಿಗೆ ತಾವು ದಯಮಾಡಿಸಿ ಇಂದಿಗೆ ಐದು ವಾರ. ನಡುಕ ಮಿತಿ ಮೀರಿದೊಡನೆ ಗುಂಯ್ ಎಂದು, ಕೆಂಪು ದೀಪ ಹೊತ್ತಿಸಿ, ನನಗೂ ಡಾಕ್ಟರಿಗೂ ಸುದ್ದಿ ಮುಟ್ಟಿಸುವ ತಮ್ಮ ಕರ್ತವ್ಯನಿಷ್ಠೆಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನ್ನ ದೂರು ಇರುವುದೇ ಆ ನಿಷ್ಠೆಯ ಮೇಲೆ.

ದಿನವೂ ಸಂಜೆ ನಾಲ್ಕಕ್ಕೆ ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಮೇಜಿನ ಸುತ್ತ ಅಪ್ಪ, ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ನಿವೃತ್ತ ಮೇಷ್ಟ್ರು ರಮ್ಮಿ ಆಡುತ್ತಾರೆ. ಪಣಕ್ಕೆ ಅಂಗಿ ಗುಂಡಿಗಳು. ಒಳ್ಳೆಯ ಎಲೆ ಬಂದರೆ ಯಾರಿಗಾದರೂ ಎದೆ ಹಾರುತ್ತದೆ. ಅಪ್ಪನಿಗೆ ಜೊತೆಯಲ್ಲಿ ಕೈಯೂ ಹಾರುತ್ತದೆ. ಸದಾ ನಡುಗುವ ಕೈಯಲ್ಲಿ ಕಾಯಿಲೆಯ ನಡುಕ ಯಾವುದು, ಜೋಕರಿನ ನಡುಕ ಯಾವುದು ಎಂದು ಆ ಇಬ್ಬರಿಗೂ ಈವರೆಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಅಳೆದು, ದೀಪ ಹಿಡಿದು ತೋರಿಸಿದ ಪುಣ್ಯಾತ್ಮರು ತಾವು. ತಾವು ಗುಂಯ್ ಎಂದ ಕೂಡಲೇ “ಟೈಲರಿಗೆ ಜೋಕರ್ ಬಂತು ಕಣಯ್ಯಾ, ಇಡು ಎಲೆ ಕೆಳಗೆ” ಎಂದು ಪೋಸ್ಟ್‌ಮ್ಯಾನ್ ಎರಡೇ ಗುಂಡಿ ತೆತ್ತು ಆಟ ಬಿಡುತ್ತಾರೆ. ತಾವು ತೆಪ್ಪಗಿದ್ದರೆ ಇಬ್ಬರೂ ಕೊನೆಯವರೆಗೆ ಆಡಿ ಅಪ್ಪನಿಂದ ಹಿಡಿ ಹಿಡಿ ಗುಂಡಿ ಬಾಚುತ್ತಾರೆ.

ಇದರಲ್ಲಿ ನನ್ನ ಪಾಲೆಷ್ಟು ಎಂದೂ ಯೋಚಿಸಿದ್ದೇನೆ, ಸಾಕಷ್ಟಿದೆ. ತಮ್ಮ ಎಚ್ಚರಿಕೆ ಕಂಡು ಗಾಬರಿಬಿದ್ದು ಆಫೀಸಿನಿಂದ ಫೋನ್ ಮಾಡಿ “ಅಪ್ಪಾ, ಮಾತ್ರೆ ತಗೊಂಡ್ರಾ?” ಎನ್ನುತ್ತಿದ್ದವಳು ನಾನೇ. “ಮಗಳ ಫೋನೂ ಬಂತಲ್ಲ, ಇನ್ನು ಗ್ಯಾರಂಟಿ” ಎಂದು ಆಗ ಮೇಷ್ಟ್ರೂ ಎಲೆ ಇಡುತ್ತಿದ್ದರಂತೆ. ಮೂರು ವಾರದಲ್ಲಿ ಅಪ್ಪನ ಗುಂಡಿ ಡಬ್ಬಿ ಬರಿದಾಗಿ, ಅಪ್ಪ ತೊಟ್ಟ ಅಂಗಿಯ ತೋಳಿನ ಗುಂಡಿಗೇ ಕತ್ತರಿ ಹಾಕಿದರು.

ನಾಲ್ಕನೆಯ ವಾರ ಅಪ್ಪನಿಗೆ ಜ್ಞಾನೋದಯವಾಯಿತು. ಎಂಥ ದರಿದ್ರ ಎಲೆ ಬಂದರೂ ಬೇಕೆಂದೇ ಕೈ ಕುಣಿಸಿ ತಮ್ಮಿಂದ ಗುಂಯ್ ಅನ್ನಿಸತೊಡಗಿದರು, ಗೆಲ್ಲುವ ಎಲೆ ಹಿಡಿದ ಮೇಷ್ಟ್ರು ಹೆದರಿ ಓಡಿದರು, ಡಬ್ಬಿ ತುಂಬಿತು. ಇತ್ತ ತಾವು, ನಾಲ್ಕರಿಂದ ಆರರವರೆಗೆ ಕಾಯಿಲೆ ದುಪ್ಪಟ್ಟಾಗಿದೆಯೆಂದು ಸತ್ಯಸಂಧರಾಗಿ ವರದಿ ಒಪ್ಪಿಸಿದಿರಿ. ಸೋಮವಾರ ಮಾತ್ರೆ ಹೆಚ್ಚಿಸೋಣ ಎಂದಿದ್ದಾರೆ ಡಾಕ್ಟರು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅಪ್ಪ ನನ್ನೆದುರು ಇದನ್ನೆಲ್ಲ ಬಾಯಿಬಿಟ್ಟದ್ದು.

ಹಿಂದೊಮ್ಮೆ ಹೆಚ್ಚಿಸಿದ್ದಾಗ ಅಪ್ಪ ನಾಲ್ಕು ಗಂಟೆಗೇ ಗಲ್ಲ ಎದೆಗಿಟ್ಟು ತೂಕಡಿಸಿದರು. ಗೆಳೆಯರಿಬ್ಬರೂ ಹಂಚಿದ ಎಲೆಗಳನ್ನು ಮತ್ತೆ ಕಟ್ಟಿಗೆ ಸೇರಿಸಿಟ್ಟು ಎದ್ದು ಹೋದರು. ಅಂದು ಕೈ ನಡುಗಲಿಲ್ಲ, ನಿಜ, ಎಲೆಯನ್ನೂ ಹಿಡಿಯಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಕಾಯಿಲೆ, ಖುಷಿ, ಮೋಸ ಎಂದು ಮೂರು ಬೇರೆ ಬೇರೆ ಗೆರೆ ಎಳೆಯಿರಿ. ಸಾಧ್ಯವಾದರೆ ವಾರಕ್ಕೊಂದು ದಿನ ಪೋಸ್ಟ್‌ಮ್ಯಾನರ ಕೈಯಲ್ಲೂ ಕುಳಿತು ಬನ್ನಿ. ಇದು ತಮ್ಮಿಂದಾಗದು ಎಂದರೆ ನಾನು ಬೇಸರಿಸಲಾರೆ. ಐದು ವಾರ ದಿನಕ್ಕೆ ಇಪ್ಪತ್ತು ಸಲ ತಮ್ಮ ಗೆರೆ ನೋಡಿದ ನಾನೇ, ನಾಲ್ಕು ಗಂಟೆಗೆ ಏನು ಮಾಡುತ್ತಿದ್ದಿರಿ ಎಂದು ಅಪ್ಪನನ್ನು ಒಮ್ಮೆಯೂ ಕೇಳಲಿಲ್ಲ.

ಗುಂಯ್ ಎಂದರೆ ಈಗಲೂ ಬೆಚ್ಚಿಬೀಳುವ,
ತಮ್ಮ ವಿಶ್ವಾಸಿ,
ಟೈಲರ್ ಮಗಳು

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಸೋಮವಾರ ಬಂದೇಬಿಟ್ಟಿತು. ನಾನು ಹೇಳಿದ್ದನ್ನು ಡಾಕ್ಟರು ನಂಬಲಿಲ್ಲ. ಅಪ್ಪ ಜೇಬಿನಿಂದ ಇಸ್ಪೀಟು ಕಟ್ಟು ತೆಗೆದು, ರೋಗಿಗಳನ್ನು ಮಲಗಿಸುವ ಮಂಚದ ಮೇಲೇ ಹದಿಮೂರು ಹದಿಮೂರು ಎಲೆ ಹಂಚಿದರು. ತಾವು ಗುಂಯ್ ಎಂದಿರಿ. ಕೆಂಪು ದೀಪ ನೋಡಿ ಡಾಕ್ಟರು ಎಲೆ ಕೆಳಗಿಟ್ಟರು. ಅಪ್ಪನ ಕೈಯಲ್ಲಿ ಒಂದಕ್ಕೊಂದು ಕೂಡುವ ಎರಡು ಎಲೆಯೂ ಇರಲಿಲ್ಲ. ಮಾತ್ರೆ ಎಷ್ಟಿತ್ತೋ ಅಷ್ಟೇ ಉಳಿಯಿತು. ನಾಲ್ಕರಿಂದ ಆರರವರೆಗೆ ತಮ್ಮನ್ನು ಬಿಚ್ಚಿಡಬಹುದೆಂದು ಚೀಟಿಯಲ್ಲಿ ಬರೆದಿದ್ದಾರೆ, “ಅದಿಲ್ದೆ ಆಡೋದು ಹೇಗೇ?” ಎಂದು ಅಪ್ಪ ಸುತರಾಂ ಒಪ್ಪುತ್ತಿಲ್ಲ. ಆಟ ಬಿಟ್ಟದ್ದಕ್ಕೆ ಸಲ್ಲಬೇಕಾದ ಎರಡು ಗುಂಡಿಗಳನ್ನು ಡಾಕ್ಟರರ ಬಿಳಿ ಕೋಟಿನಿಂದ ಅಪ್ಪನೇ ಬಿಡಿಸಿಕೊಂಡರು. ದಾರ ಕತ್ತರಿಸುವಾಗ ಕೈ ನಡುಗಲಿಲ್ಲ. ಅದೊಂದನ್ನು ತಾವು ಯಾರಿಗೂ ವರದಿ ಮಾಡಿದಂತಿಲ್ಲ.