ಬಂಪರಿನ ಹಿಂದೆ ಬಿಜಯಂಗೈದಿರುವ ವಿಂಚ್‌ನವರಿಗೆ ಒಂದು ಅಹವಾಲು

ಮಾನ್ಯ ಗುಪ್ತ ವಿಂಚ್ ಮಹಾಶಯರೇ,

ನಮ್ಮ ಹಳೆಯ ಪಿಕಪ್ ಗಾಡಿಯ ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ಬಿಸಿಯೂ ರಸ್ತೆಯ ಧೂಳೂ ಪಾಲು ಹಂಚಿಕೊಂಡಿರುವ ಆ ಇಕ್ಕಟ್ಟಿನ ಸ್ಥಳದಲ್ಲಿ, ಹೂತ ಗಾಡಿಯನ್ನು ಉಕ್ಕಿನ ಹಗ್ಗ ಸುತ್ತಿ ಎಳೆಯುವ ಯಂತ್ರರಾದ ತಾವು ಕ್ಷೇಮವಾಗಿದ್ದೀರಿ ಎಂದು ನಂಬಿ, ಸಸಿ ಮಾರಿ ಬದುಕುವ ನಾನು ಗಾಡಿಯ ಮುಂದೆ ಬಗ್ಗಿ ನಿಂತು ಮಾಡುವ ನಮಸ್ಕಾರಗಳು. ಬಗ್ಗದವರಿಗೆ ತಮ್ಮ ದರ್ಶನ ಆಗುವುದಿಲ್ಲ. ಬಗ್ಗಿದವರಿಗೂ ಆಗುವುದಿಲ್ಲ ಎಂಬುದು ಬೇರೆ ಮಾತು. ತಮ್ಮ ನಿವಾಸಕ್ಕೆ ಅಂಚೆ ಡಬ್ಬಿ ಸಿಕ್ಕಿಸಲು ಒಂದು ಬೆರಳಿನಷ್ಟೂ ಜಾಗವಿಲ್ಲದ ಕಾರಣ ಈ ಕಾಗದವನ್ನು ಬಹಿರಂಗವಾಗಿಯೇ ಬರೆದು ನಮ್ಮ ನರ್ಸರಿಯ ಗೇಟಿಗೆ ಅಂಟಿಸುತ್ತಿದ್ದೇನೆ. ಗಿಡ ಕೊಳ್ಳಲು ಬಂದವರು ಓದಿದರೆ ಅದು ಅವರ ಹಣೆಬರಹ. ನನಗೆ ಡೈರಿಯ ಹೊರಗೆ ಬರೆದು ಅಭ್ಯಾಸವಿಲ್ಲ, ಆದ್ದರಿಂದ ಮರ್ಯಾದೆಯಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಮನ್ನಿಸಬೇಕು.

ತಮ್ಮನ್ನು ಇಲ್ಲಿಗೆ ಕರೆಸಿದ್ದು ನಾನಲ್ಲ, ನನ್ನ ಹೆಂಡತಿ. ಗಾಡಿ ಓಡಿಸುತ್ತಿದ್ದವಳು ಅವಳೇ. ನಾನು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಸಸಿಯ ತಟ್ಟೆ ಇಟ್ಟುಕೊಂಡು ಕೂರುವವನು. ಇಟ್ಟಿಗೆ ಭಟ್ಟಿಯ ಕೆಳಗೆ ಜೇಡಿಮಣ್ಣಿನ ಒಂದು ತಿರುವು ಇದೆ. ಮಳೆ ಬಂದಾಗಲೆಲ್ಲ ನಮ್ಮ ಗಾಡಿ ಅಲ್ಲಿ ಹೂತುಕೊಳ್ಳುತ್ತಿತ್ತು, ಭಟ್ಟಿಗೆ ಮಣ್ಣು ಹೊಡೆಯುವ ಟ್ರ್ಯಾಕ್ಟರಿನವನು ಚೈನು ಹಿಡಿದು ಇಳಿದು ಬರುತ್ತಿದ್ದ. ಎಳೆದು ಮೇಲೆ ಬಿಡುತ್ತಿದ್ದ ನಿಜ, ಆದರೆ ಅದಕ್ಕೆ ಮುಂಚೆ ಇಂಜಿನ್ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾ, ಇವತ್ತೂ ನನ್ನ ನೆನಪಾಯ್ತಾ? ಮೊದಲೇ ಹೇಳಿದ್ರೆ ಇಲ್ಲೇ ಒಂದು ಗುಡಿಸಲು ಹಾಕ್ಕೊಂಡು ಕೂತಿರ್ತಿದ್ನಲ್ಲ!" ಎಂದು ನಗುತ್ತಿದ್ದ. ಅವಳು ಅಲ್ಲಿ ತುಟಿ ಕಚ್ಚಿ ಸಹಿಸಿಕೊಂಡು ಮನೆಗೆ ಬಂದು ನನ್ನ ಮೇಲೆ ಹರಿಹಾಯುತ್ತಿದ್ದಳು. "ನಗಲಿ, ನಗಲಿ. ಒಂದಿನ ಬೇಕಂತಲೇ ಹೂತ್ಕೊಳ್ತೀನಿ. ಅವನು ಚೈನು ತಗೊಂಡು ಇಳಿಯೋವರೆಗೂ ಪಾಪದವಳ ಥರ ನಿಂತಿರ್ತೀನಿ. ಆಮೇಲೆ ನನ್ನಷ್ಟಕ್ಕೆ ನಾನೇ ಮೇಲೆ ಬರ್ತೀನಿ. ಆಗ ಅವನ ಬಾಯಿ ಎಷ್ಟಗಲ ತೆರೆಯುತ್ತೆ ಅಂತ ನೋಡ್ಬೇಕು ನಾನು." ಇದಕ್ಕೆ ಎಲ್ಲರ ಕಣ್ಣಿಗೂ ಬೀಳುವ ವಿಂಚ್ ಆಗುವುದಿಲ್ಲ, ಗುಟ್ಟು ಬಲ್ಲ ವಿಂಚೇ ಬೇಕು. ಹಾಗೆ ಹುಡುಕಿ ಹುಡುಕಿ ತಮ್ಮನ್ನು ಆರಿಸಿದಳು. ತಮ್ಮ ಪೆಟ್ಟಿಗೆ ಬಂದಾಗ ಸಹಿ ಹಾಕಿ ಇಳಿಸಿಕೊಂಡವನು ನಾನು. ಆ ಹೊತ್ತಿಗೆ ಅವಳೇ ಇರಲಿಲ್ಲ. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ತಮ್ಮಂಥವರ ಅಮೂಲ್ಯ ಸಮಯ ಹಾಳಾಗಬಾರದು.

ತಮ್ಮ ಆಗಮನದ ವೈಭವವನ್ನು ನಮ್ಮ ಮನೆ ಮರೆಯುವಂತಿಲ್ಲ. ಭಾವಮೈದುನ, ಪಕ್ಕದ ಶೆಡ್ಡಿನ ವೆಲ್ಡರ್ ಮತ್ತು ನಾನು ಸೇರಿ ತಮ್ಮನ್ನು ವರಾಂಡದಿಂದ ಗಾಡಿಯವರೆಗೆ ಸಾಗಿಸುವಷ್ಟರಲ್ಲಿ ಮೂವರೂ ಸೊಂಟ ಹಿಡಿದುಕೊಂಡು ಕೂತಾಗ, ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ನಡೆಸುತ್ತಿದ್ದ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, "ಊರನ್ನೇ ಎಳೆಯೋ ಯಂತ್ರ ಅಂದ್ರಿ, ಇದನ್ನ ಎಳೆಯೋಕೇ ಮೂರು ಗಂಡಸರು ಬೇಕಾಯ್ತಲ್ಲ ಅಳಿಯಂದ್ರೇ!" ಎಂದರು. ದೊಡ್ಡವರನ್ನು ಹೊತ್ತು ತರುವುದೇ ರೂಢಿಯಲ್ಲವೇ ಎಂದು ನಾನು ತಮ್ಮ ಪರವಾಗಿ ವಾದಿಸಿದ್ದು ದಯವಿಟ್ಟು ದಾಖಲಾಗಲಿ.

ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ, ಸಾಮಾನ್ಯ ಸ್ಪ್ಯಾನರುಗಳಿದ್ದರೆ ಒಂದು ಮಧ್ಯಾಹ್ನದಲ್ಲಿ ತಮ್ಮ ಪ್ರತಿಷ್ಠಾಪನೆ ಮುಗಿಯುತ್ತದೆ ಎಂದು ಬರೆದಿತ್ತು. ಅದು ಯಾವ ಲೋಕದ ಮಧ್ಯಾಹ್ನವೋ ತಿಳಿಯದು, ನಮ್ಮಲ್ಲಿ ಅದು ಮುಗಿಯಲು ಅಮಾವಾಸ್ಯೆ ಹುಣ್ಣಿಮೆಗಳೇ ಬೇಕಾದವು. ತಮ್ಮ ಪೀಠದ ತೂತುಗಳು ಬಲಕ್ಕೆ ನೋಡಿದರೆ ನಮ್ಮ ಚಾಸಿಯ ತೂತುಗಳು ಎಡಕ್ಕೆ ನೋಡುತ್ತಿದ್ದವು. ವೆಲ್ಡರು ಮೂಗಿನ ತುದಿಗೆ ಕನ್ನಡಕ ಜಾರಿಸಿ, "ಹಳೇ ಬಾಯಿಗೆ ಹೊಸ ಹಲ್ಲು ಸಾರ್ ಇದು, ಒಸಡು ಕೊಯ್ಯದೆ ಕೂರಲ್ಲ" ಎಂದು ತೀರ್ಪು ಕೊಟ್ಟರು. ತಮಗೆ ಜಾಗ ಬಿಡಲು, ಅಷ್ಟು ವರ್ಷ ಅದೇ ಸ್ಥಳದಲ್ಲಿ ನಿಷ್ಠೆಯಿಂದ ಕೂಗಿಕೊಂಡಿದ್ದ ಹಾರ್ನ್‌ಗೆ ಚಕ್ರದ ಬುಡಕ್ಕೆ ವರ್ಗಾವಣೆಯಾಯಿತು. ಈಗ ಅದು ನೆಲಕ್ಕೆ ಬಾಯಿಟ್ಟು ಕೂಗುತ್ತದೆ, ದಾರಿಯಲ್ಲಿರುವ ಇರುವೆಗಳು ಪಕ್ಕಕ್ಕೆ ಸರಿಯುತ್ತವೆ, ಮನುಷ್ಯರು ಸರಿಯುವುದಿಲ್ಲ. ಮೇಲಿನವರು ಬಂದು ಕೂರುವಾಗ ಕೆಳಗಿನವರ ದನಿ ಉಡುಗುವುದು ಹೊಸದೇನಲ್ಲವಾದ್ದರಿಂದ ಹಾರ್ನ್ ಇದನ್ನು ದೂರೆಂದು ದಾಖಲಿಸಿಲ್ಲ.

ಇನ್ನು ಮುಖ್ಯ ವಿಷಯ. ನಂಬರ್ ಪ್ಲೇಟನ್ನು ಮೇಲೆತ್ತಿದರೆ ತಮ್ಮ ಕೊಕ್ಕೆಯೂ ಉಕ್ಕಿನ ಹಗ್ಗವೂ ಹೊರಬರುವ ಹಾಗೆ ವೆಲ್ಡರು ಸೊಗಸಾಗಿ ಮಾಡಿಕೊಟ್ಟರು. ಆದರೆ ಕೈಪಿಡಿಯಲ್ಲಿ ಇನ್ನೊಂದು ಅಪ್ಪಣೆ ಇತ್ತು: ಪ್ಲೇಟಿನ ಎಡಕ್ಕೆ, ಬಂಪರಿನಲ್ಲಿ ಕೈ ತೂರುವಷ್ಟು ಒಂದು ಕಿಂಡಿ ಕೊರೆಯಬೇಕು, ಏಕೆಂದರೆ ಹಗ್ಗ ಸುತ್ತಿಕೊಂಡಿರುವ ತಮ್ಮ ಉರುಳೆಯನ್ನು ಸಡಿಲ ಬಿಡುವ, ಬಿಗಿ ಹಿಡಿಯುವ ಹಿಡಿ ಅದರ ಹಿಂದೆಯೇ ಇದೆ. ವೆಲ್ಡರು ಸೀಮೆಸುಣ್ಣದಿಂದ ಚೌಕ ಬರೆದರು. ಅದು ಸರಿಯಾಗಿ ತಗ್ಗಿನ ಮೇಲೆ ಬಿತ್ತು.

ಆ ತಗ್ಗು ಯಾವುದೆಂದು ತಮಗೆ ತಿಳಿಸಬೇಕು, ಅದರ ಹಿಂದೆಯೇ ಬೆನ್ನು ಮಾಡಿ ಕೂತಿದ್ದೀರಿ. ನನ್ನ ಹೆಂಡತಿ ಗಾಡಿ ಕಲಿತ ಮೊದಲ ದಿನ, ಬ್ರೇಕು ಯಾವುದು ಎಂದು ನನ್ನನ್ನು ಕೇಳಿ, ನಾನು ಉತ್ತರ ಯೋಚಿಸುತ್ತಿರುವಾಗಲೇ ನರ್ಸರಿಯ ಗೇಟಿನ ಕಲ್ಲುಕಂಬಕ್ಕೆ ಗುದ್ದಿದ್ದರಿಂದ ಆದದ್ದು ಅದು. ಬಡಿದು ಸರಿ ಮಾಡಿಸೋಣ ಎಂದಾಗಲೆಲ್ಲ, "ಮುಟ್ಟಿದ್ರೆ ನೋಡಿ! ಅದು ನನ್ನ ಸರ್ಟಿಫಿಕೇಟು" ಎನ್ನುತ್ತಿದ್ದಳು. ಗಾಡಿ ತೊಳೆಯುವಾಗ ಬಟ್ಟೆಯನ್ನು ಬೆರಳಿಗೆ ಸುತ್ತಿ ಆ ತಗ್ಗನ್ನು ಬೇರೆಯಾಗಿ ಒರೆಸುತ್ತಿದ್ದಳು. ವೆಲ್ಡರು ಗ್ರೈಂಡರಿನ ವೈರು ಚುಚ್ಚಿದಾಗ ನಾನು ಅದನ್ನು ಕಿತ್ತೆ. ಕೊನೆಗೆ ಭಾವಮೈದುನನೇ, "ಕಿಂಡಿ ಯಾಕೆ ಬಿಡಿ ಭಾವ. ಒಳಗಿರೋ ಹಿಡಿ ಒಳಗೇ ಇರ್ಲಿ, ಅದಕ್ಕೇನು ಗಾಳಿ ಬೇಕಾ?" ಎಂದ. ಹೀಗೆ ಕಿಂಡಿಯಿಲ್ಲದೆ ಬಂಪರನ್ನು ಬಿಗಿದೆವು. ಹಗ್ಗ ಪೋಣಿಸಲೆಂದು ಸಡಿಲ ಬಿಟ್ಟಿದ್ದ ಹಿಡಿ ಸಡಿಲವಾಗಿಯೇ ಒಳಗೆ ಉಳಿಯಿತು ಎಂಬುದು ಆ ಹೊತ್ತು ಯಾರಿಗೂ ಹೊಳೆಯಲಿಲ್ಲ. ಗುಟ್ಟನ್ನು ಕಾಪಾಡುವುದರಲ್ಲಿ ನಾವು ತಮ್ಮನ್ನೂ ಮೀರಿಸಿದ್ದೆವು.

ಮೊದಲ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ನಾನು ಗಾಡಿಯನ್ನು ಆ ತಿರುವಿಗೆ ಒಯ್ದು, ಅವಳು ಹೇಳಿದ್ದ ಹಾಗೆಯೇ, ಬೇಕೆಂತಲೇ ಹೂತಿಟ್ಟೆ. ನನಗೆ ಸುಲಭವಾಗಿ ಬರುವ ವಿದ್ಯೆ ಅದೊಂದೇ. ಟ್ರ್ಯಾಕ್ಟರಿನವನು ಚೈನು ಹಿಡಿದು ಇಳಿದ. ನಾನು ಪಾಪದವನ ಹಾಗೆ ನಿಂತು, ಸಮಯ ನೋಡಿ ನಂಬರ್ ಪ್ಲೇಟ್ ಎತ್ತಿ, ಹಗ್ಗ ಎಳೆದು ರಸ್ತೆ ಬದಿಯ ಮರಕ್ಕೆ ಸುತ್ತಿ, ಗತ್ತಿನಿಂದ ಗುಂಡಿ ಒತ್ತಿದೆ. ಆಹಾ, ಆ ಗಳಿಗೆಯಲ್ಲಿ ತಾವು ತೋರಿದ ಉತ್ಸಾಹವನ್ನು ಏನೆಂದು ಹೊಗಳಲಿ! ತಮ್ಮ ಮೋಟಾರು ಬರ್ರೆಂದು ಗರ್ಜಿಸಿತು, ದೀಪ ಬೆಳಗಿತು, ಬ್ಯಾಟರಿ ಬಿಸಿಯಾಯಿತು, ಬಂಪರು ನಡುಗಿತು, ಹಗ್ಗ ಮಾತ್ರ ಇದ್ದಲ್ಲೇ ಜೋತಾಡಿಕೊಂಡಿತ್ತು. ಇಷ್ಟೊಂದು ಸದ್ದು ಮಾಡಿ ಇಷ್ಟು ಕಡಿಮೆ ಕೆಲಸ ಮಾಡಲು ದೊಡ್ಡ ದೊಡ್ಡ ಸಭೆಗಳಿಗೆ ಮಾತ್ರ ಸಾಧ್ಯ ಎಂದು ನಾನು ತಿಳಿದಿದ್ದೆ. ಹಿಡಿ ಸಡಿಲವಿದ್ದರೆ ಮೋಟಾರು ತಿರುಗಿದರೂ ಉರುಳೆ ತಿರುಗುವುದಿಲ್ಲ; ಹಿಡಿಯನ್ನು ಬಿಗಿ ಮಾಡಬೇಕು. ಹಿಡಿ ಮುಟ್ಟಲು ಬಂಪರ್ ಬಿಚ್ಚಬೇಕು. ಬಂಪರಿನ ಬೋಲ್ಟುಗಳು ಕೆಸರಿನೊಳಗೆ. ಅಂದರೆ ತಮ್ಮ ಸಹಾಯ ಬೇಕಾದವನು ಮೊದಲು ಕೆಸರಿನಿಂದ ಮೇಲೆ ಬಂದು ಅರ್ಜಿ ಹಾಕಬೇಕು. ಇಂಥ ನಿಯಮವನ್ನು ಕಚೇರಿಗಳಲ್ಲಿ ಕಂಡಿದ್ದೆ, ಕಬ್ಬಿಣದಲ್ಲಿ ಕಂಡದ್ದು ಇದೇ ಮೊದಲು.

ಟ್ರ್ಯಾಕ್ಟರಿನವನು ಅಂದು ನಗಲಿಲ್ಲ ಎಂಬುದನ್ನೂ ಬರೆಯಬೇಕು. ಚೈನು ಹಿಡಿದುಕೊಂಡು ಏನನ್ನೋ ಕಾಯುವವನಂತೆ ಬಂಪರನ್ನೇ ನೋಡುತ್ತಾ ನಿಂತಿದ್ದ. ಆಮೇಲೆ, "ಇರ್ಲಿ ಬಿಡಿ ಭಾವ, ಇನ್ನೊಂದಿನ ನೋಡೋಣ" ಎಂದು ಮೆಲ್ಲಗೆ ಹೇಳಿ ಎಳೆದುಕೊಟ್ಟ. ಅವನ ನಗುವನ್ನು ನಾನು ತಾಳಿಕೊಳ್ಳುತ್ತಿದ್ದೆ; ಕನಿಕರವನ್ನು ತಾಳಲಾಗಲಿಲ್ಲ.

ಆ ದಿನ ಮನೆಗೆ ಬಂದು ತಮ್ಮಲ್ಲಿ ಕೆಲವು ಬಿನ್ನಹ ಮಾಡಿಕೊಳ್ಳಬೇಕೆಂದು ಯೋಚಿಸಿದೆ. ಹಿಡಿಯನ್ನು ತಾವೇ ಒಳಗಿನಿಂದ ಬಿಗಿ ಮಾಡಿಕೊಳ್ಳುವ ಕೃಪೆ ಮಾಡಬಹುದೇ? ಅದಾಗದಿದ್ದರೆ ಆ ತಿರುವನ್ನೇ ಎಳೆದು ನೆಟ್ಟಗೆ ಮಾಡಿಕೊಡಬಹುದೇ? ಗಾಡಿಗಿಂತ ಎಷ್ಟೋ ಪಟ್ಟು ಭಾರ ಎಳೆಯಬಲ್ಲಿರಿ ಎಂದು ತಮ್ಮ ಎದೆಯ ಮೇಲಿನ ತಗಡಿನಲ್ಲಿ ಬರೆದಿದೆ. ಹಾಗಿದ್ದರೆ ಕಳೆದ ವರ್ಷಕ್ಕೆ ಒಂದು ಕೊಕ್ಕೆ ಸಿಕ್ಕಿಸಿ ಸ್ವಲ್ಪ ಈಚೆಗೆ ಎಳೆಯಬಹುದೇ? ಪೂರ್ತಿ ಬೇಡ, ತಮ್ಮ ಪೆಟ್ಟಿಗೆ ಬಂದ ಬೆಳಿಗ್ಗೆಯವರೆಗೆ ಸಾಕು; ಅಂಟು ಪಟ್ಟಿಯನ್ನು ಅವಳೇ ಕಿತ್ತು ತೆಗೆಯಲಿ. ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಯಾರ ವ್ಯಾಪ್ತಿಗೆ ಬರುತ್ತದೆ ಎಂದು ತಿಳಿಸಿದರೂ ಉಪಕಾರವಾದೀತು.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಒಂದು ದಿನ ಕುರ್ಚಿಯನ್ನು ಬಂಪರಿನ ಎದುರಿಗೇ ಎಳೆದುಕೊಂಡು ಕೂತರು. "ಅಳಿಯಂದ್ರೇ, ಅವಳು ನನ್ನ ಮಗಳು. ಕೊಯ್ದು ಹಾಕಿ ಅಂತ ನಾನು ಹೇಳ್ತೀನಾ? ಆದರೆ ಅವಳು ಕೇಳಿದ್ದು ತಗ್ಗು ಕಾಯಿರಿ ಅಂತ ಅಲ್ಲ, ಅವನ ಬಾಯಿ ತೆರೆಸಿ ಅಂತ." ತಗ್ಗಿನ ಸುತ್ತ ಬೆರಳಾಡಿಸಿ, "ನಡುವೆ ಯಾಕೆ ಕೊಯ್ತೀರಿ? ಸುತ್ತ ಕೊಯ್ಯಿರಿ. ಕೀಲು ಹಾಕಿ ಬಾಗಿಲು ಮಾಡಿ. ಅವಳು ಗುದ್ದಿದ ಜಾಗ, ಅವಳೇ ತೆರೀಲಿ" ಎಂದರು.

ಈ ಸಲ ಗ್ರೈಂಡರಿನ ವೈರನ್ನು ನಾನೇ ಚುಚ್ಚಿಕೊಟ್ಟೆ. ಕಿಡಿ ಹಾರುವಾಗ ನೋಡುತ್ತಾ ನಿಲ್ಲಲಾಗದೆ ಹೋಗಿ ಸಸಿಗಳಿಗೆ ನೀರು ಹಾಕಿದೆ, ಬೆಳಿಗ್ಗೆ ಹಾಕಿದ್ದವಕ್ಕೇ ಮತ್ತೆ ಹಾಕಿದೆ. ಹಿಂದಿರುಗಿದಾಗ ತಗ್ಗು ತನ್ನ ಜಾಗದಲ್ಲಿಯೇ ಇತ್ತು, ಸುತ್ತ ಕೂದಲೆಳೆಯಷ್ಟು ಗೆರೆ, ಮೇಲೆ ಎರಡು ಪುಟ್ಟ ಕೀಲು. ಬೆರಳು ಕೊಟ್ಟು ಎತ್ತಿದೆ. ಒಳಗೆ ತಾವು ಕಂಡಿರಿ, ಕೊನೆಗೂ. ಕೈ ಹಾಕಿ ಹಿಡಿಯನ್ನು ತಿರುಗಿಸಿದೆ, ಟಕ್ ಎಂದಿತು.

ಮುಂದಿನ ಮಳೆಗೆ ನಾವೆಲ್ಲರೂ ಹೋದೆವು. ಅತ್ತೆ ನನ್ನ ಹಳೆಯ ಜಾಗದಲ್ಲಿ, ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಸಸಿಯ ತಟ್ಟೆ ಇಟ್ಟುಕೊಂಡು ಕೂತರು. ಭಾವಮೈದುನ ಹಿಂದೆ ನಿಂತ. ಗಾಡಿ ಹೂತಿತು, ಟ್ರ್ಯಾಕ್ಟರ್ ಬಂತು, ಚೈನು ಇಳಿಯಿತು. ನಾನು ತಗ್ಗಿನ ಬಾಗಿಲು ಎತ್ತಿ ಹಿಡಿ ಸಡಿಲಿಸಿ, ಹಗ್ಗವನ್ನು ಮರಕ್ಕೆ ಸಿಕ್ಕಿಸಿ, ಹಿಡಿ ಬಿಗಿ ಮಾಡಿ ಗುಂಡಿ ಒತ್ತಿದೆ. ತಾವು ಎಳೆದಿರಿ. ಗಾಡಿ ಕೆಸರನ್ನು ಬಿಡಿಸಿಕೊಂಡು ಒಂದೊಂದೇ ಗೇಣು ಮೇಲೆ ಬಂತು. ಅದಕ್ಕಾಗಿ ತಮಗೆ ನಾನು ಋಣಿ, ಇದರಲ್ಲಿ ವ್ಯಂಗ್ಯವಿಲ್ಲ.

ಟ್ರ್ಯಾಕ್ಟರಿನವನು ಚೈನನ್ನು ಕೈಬಿಟ್ಟು, ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತು, ಬಾಯನ್ನು ಗುಹೆಯಂತೆ ತೆರೆದು, "ಅಯ್ಯಯ್ಯೋ! ಇದೇನಿದು! ಇದೆಲ್ಲಿಂದ ಬಂತು! ನನ್ನ ಕಣ್ಣನ್ನೇ ನಂಬೋಕಾಗ್ತಿಲ್ವಲ್ಲಪ್ಪಾ!" ಎಂದು ಭಟ್ಟಿಯವರೆಗೆ ಕೇಳುವಂತೆ ಕಿರುಚಿದ. ಶಾಲೆಯ ನಾಟಕದಲ್ಲಿ ರಾಜನ ಪಾತ್ರ ಸಿಕ್ಕವನೂ ಅಷ್ಟು ಕಿರುಚುವುದಿಲ್ಲ. ಭಾವಮೈದುನ ನನ್ನ ಮುಖ ನೋಡಿದ, ನಾನು ಅತ್ತೆಯ ಮುಖ ನೋಡಿದೆ. ಟ್ರ್ಯಾಕ್ಟರಿನವನು ಕೈ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಒರೆಸಿಕೊಳ್ಳುತ್ತಲೇ ಇದ್ದು, ಮೆಲ್ಲಗೆ ಕೇಳಿದ:

"ಸರಿಯಾಗಿ ಬಂತಾ ಭಾವ? ಅಕ್ಕ ಹೀಗೇ ಕೂಗ್ಬೇಕು ಅಂದಿದ್ರು."

ತಮ್ಮನ್ನು ಆರಿಸಿದ ದಿನವೇ ಆಕೆ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳಂತೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲವಂತೆ. ನನಗೆ ಹೇಳಬಾರದು ಎಂದು ಆಣೆಯನ್ನೂ ಮಾಡಿಸಿಕೊಂಡಿದ್ದಳಂತೆ.

ಆದ್ದರಿಂದ, ಮಹಾಶಯರೇ, ತಮ್ಮನ್ನು ಮುಚ್ಚಿಡಲು ನಾವು ಪಟ್ಟ ಪಾಡು, ಹಾರ್ನಿನ ವರ್ಗಾವಣೆ, ವೆಲ್ಡರರ ಸೊಂಟ, ಎಲ್ಲವೂ ಯಾರಿಂದ ಮುಚ್ಚಿಡಲು ಎಂಬುದಕ್ಕೆ ತಮ್ಮಿಂದ ವಿವರಣೆ ಕೋರಿ ಈ ದೂರನ್ನು ಆರಂಭಿಸಿದ್ದೆ. ಬರೆಯುತ್ತಾ ಬರೆಯುತ್ತಾ ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಗುಟ್ಟು ಬಯಲಾಗಿದ್ದು ತಿಳಿಯದೆ ಅದನ್ನು ಕಾದು ಕೂತವರಲ್ಲಿ ಮೊದಲಿಗರು ನಾವಿಬ್ಬರು, ತಾವು ಮತ್ತು ನಾನು. ನಾವು ನಾವೇ ಜಗಳವಾಡುವುದು ಚೆನ್ನಲ್ಲ.

ಪಕ್ಕದ ಸೀಟಿನಿಂದ ಬಡ್ತಿ ಪಡೆದ,
ತಮ್ಮ ವಿಶ್ವಾಸಿ,
ಗಾಡಿಯ ಈಗಿನ ಚಾಲಕ

ತಾ.ಕ.: ಈಗಷ್ಟೇ ಟ್ರ್ಯಾಕ್ಟರಿನವನು ಹೇಳಿಕಳಿಸಿದ್ದಾನೆ. ಅವನ ಟ್ರ್ಯಾಕ್ಟರೇ ಅದೇ ತಿರುವಿನಲ್ಲಿ ಹೂತಿದೆಯಂತೆ, "ಭಾವನ ಗುಟ್ಟನ್ನ ಸ್ವಲ್ಪ ಕಳಿಸಿ" ಎಂದು ಕೇಳಿದ್ದಾನೆ. ಹೋದಾಗ ಏನು ಕೂಗಬೇಕೆಂದು ಅತ್ತೆ ನನಗೆ ಅಭ್ಯಾಸ ಮಾಡಿಸುತ್ತಿದ್ದಾರೆ. ತಾವು ಸಿದ್ಧರಾಗಿರಬೇಕು. ಸಾಹೇಬರು ಒಳಗಿಲ್ಲ ಎಂಬ ಸಬೂಬು ಇನ್ನು ನಡೆಯುವುದಿಲ್ಲ. ತಮ್ಮ ಕಚೇರಿಗೆ ಈಗ ಬಾಗಿಲಿದೆ, ಅದು ಯಾರ ಬಾಗಿಲು ಎಂಬುದೂ ತಮಗೆ ಗೊತ್ತಿದೆ.